ಶಾರ್ಕ್ ದಾಳಿ: ಕಡಲಲ್ಲಿ ಈಜುವವರು ಯಾವ ಲೆಕ್ಕ ನೋಡಬೇಕು?

2022ರ ಫೆಬ್ರವರಿ 16ರ ಸಂಜೆ ಸಿಡ್ನಿಯ ಲಿಟಲ್ ಬೇ ಹತ್ತಿರ ಈಜುತ್ತಿದ್ದ ಒಬ್ಬರನ್ನು ಗ್ರೇಟ್ ವೈಟ್ ಶಾರ್ಕ್ ಕೊಂದಿತು. ಅವರು ಆ ನೀರಿಗೆ ಹೊಸಬರಾಗಿರಲಿಲ್ಲ. ಕಡಲ ಈಜು ಸ್ಪರ್ಧೆಯೊಂದಕ್ಕೆ ತಯಾರಿ ನಡೆಸಿದ್ದರು. ಬಂಡೆಗಳ ಮೇಲೆ ಗಾಳ ಹಾಕಿ ಕೂತಿದ್ದವರ ಕಣ್ಣೆದುರೇ ಇದು ನಡೆಯಿತು. ಸಿಡ್ನಿಯಲ್ಲಿ ಇದಕ್ಕೂ ಮೊದಲು ಶಾರ್ಕ್ ದಾಳಿಯಿಂದ ಸಾವು ಆಗಿದ್ದು 1963ರ ಜನವರಿಯಲ್ಲಿ. ನಡುವೆ 59 ವರ್ಷ ಕಳೆದಿತ್ತು. ಮರುದಿನ ಹಲವು ಬೀಚ್‌ಗಳನ್ನು ಮುಚ್ಚಿದರು, ಶಾರ್ಕ್ ಹಿಡಿಯಲು ನೀರಿಗೆ ಗಾಳಗಳನ್ನು ಇಳಿಸಿದರು. ಅವರು ತಯಾರಾಗುತ್ತಿದ್ದ ಸ್ಪರ್ಧೆಯೂ ರದ್ದಾಯಿತು.

ಇಂಥ ಸಾವಿನ ನಂತರ ಎಲ್ಲ ದೇಶದಲ್ಲೂ ಒಂದೇ ವಾದ ಶುರುವಾಗುತ್ತದೆ. ಶಾರ್ಕ್‌ಗಳನ್ನು ಕೊಂದು ಕಡಿಮೆ ಮಾಡಿ ಅಂತ ಒಂದು ಗುಂಪು. ಕಡಲು ಅವುಗಳ ಮನೆ, ನಾವು ಸುಮ್ನೆ ಹೆದರುತ್ತಿದ್ದೇವೆ ಅಂತ ಇನ್ನೊಂದು ಗುಂಪು. ಎರಡನೆಯವರ ಕೈಯಲ್ಲಿ ಅಂಕಿಗಳು ಇರುತ್ತವೆ. ಅಮೆರಿಕದ ಫ್ಲಾರಿಡಾದಲ್ಲಿರುವ ಇಂಟರ್‌ನ್ಯಾಷನಲ್ ಶಾರ್ಕ್ ಅಟ್ಯಾಕ್ ಫೈಲ್ ಜಗತ್ತಿನ ಇಂಥ ಘಟನೆಗಳನ್ನೆಲ್ಲ ದಾಖಲಿಸುತ್ತದೆ. ಅದರ ಪ್ರಕಾರ 2023ರಲ್ಲಿ ಮನುಷ್ಯರು ಕೆಣಕದೆ ಆದ ದಾಳಿಗಳು 69. ಸತ್ತವರು 10 ಮಂದಿ. 2024ರಲ್ಲಿ ದಾಳಿಗಳು 47, ಸತ್ತವರು 4. ಕೆಣಕದೆ ಅಂದರೆ ಶಾರ್ಕ್‌ಗೆ ಆಹಾರ ತೋರಿಸಿದಾಗ, ಈಟಿಯಿಂದ ಮೀನು ಹಿಡಿಯುವಾಗ, ಬಲೆಯಿಂದ ಬಿಡಿಸುವಾಗ ಆದ ಕಡಿತಗಳನ್ನು ಬಿಟ್ಟು ಉಳಿದವು. ಕೋಟಿಗಟ್ಟಲೆ ಜನ ಕಡಲಿಗೆ ಇಳಿಯುವಾಗ ಇದು ತೀರಾ ಸಣ್ಣ ಸಂಖ್ಯೆ.

ಈ ಸಂಖ್ಯೆ ನಿಜ. ಆದರೆ ಈಜುವವರಿಗೆ ಇದರಿಂದ ಆಗುವ ಉಪಯೋಗ ಕಡಿಮೆ ಅನ್ನೋದು ನನ್ನ ಅಭಿಪ್ರಾಯ. ಭೂಮಿಯ ಎಲ್ಲ ಕಡಲುಗಳನ್ನು, ವರ್ಷದ ಎಲ್ಲ ದಿನಗಳನ್ನು ಕೂಡಿಸಿ ತೆಗೆದ ಲೆಕ್ಕ ಇದು. ನೀರಿಗೆ ಇಳಿಯುವವರು ಮಾತ್ರ ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಇಳಿಯುತ್ತಾರೆ. ಆ ಜಾಗದಲ್ಲಿ ಈ ವಾರ ಏನಾಗಿದೆ ಅನ್ನೋದು ಅವರಿಗೆ ಮುಖ್ಯ. ದಾಳಿಗಳ ಚರಿತ್ರೆಯನ್ನು ಜಾಗ ಜಾಗಕ್ಕೆ ಬಿಡಿಸಿ ನೋಡಿದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ದಾಳಿಗೆ ಮೊದಲು ಆ ನೀರಿನಲ್ಲಿ ಏನೋ ಬದಲಾಗಿತ್ತು. ಬಹಳಷ್ಟು ಸಲ ಅದನ್ನು ಕಂಡು ಹೇಳಿದವರೂ ಇದ್ದರು.

ಯಾರೂ ನಂಬದಿದ್ದ ಕಾಲ

1749ರಲ್ಲಿ ಹವಾನಾ ಬಂದರಿನಲ್ಲಿ ಈಜುತ್ತಿದ್ದ 14 ವರ್ಷದ ಹಡಗಿನ ಹುಡುಗ ಬ್ರೂಕ್ ವಾಟ್ಸನ್‌ನ ಕಾಲನ್ನು ಶಾರ್ಕ್ ಕಚ್ಚಿ ಕಿತ್ತಿತು. ಜೊತೆಯವರು ದೋಣಿಯಿಂದ ಅವನನ್ನು ಎಳೆದುಕೊಂಡರು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಮರದ ಕಾಲಿನಲ್ಲೇ ನಡೆದ ವಾಟ್ಸನ್ ಮುಂದೆ ಲಂಡನ್ ನಗರದ ಮೇಯರ್ ಆದ. ಜಾನ್ ಸಿಂಗಲ್‌ಟನ್ ಕಾಪ್ಲಿ ಈ ಘಟನೆಯನ್ನು 1778ರಲ್ಲಿ ದೊಡ್ಡ ಚಿತ್ರವಾಗಿ ಬರೆದರು. ಶಾರ್ಕ್ ಮನುಷ್ಯನನ್ನು ಕಚ್ಚುತ್ತದೆ ಅಂತ ನಾವಿಕರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದು ಬಿಸಿ ಕಡಲಿನ ಮಾತು, ನಮ್ಮ ತಂಪು ನೀರಿನಲ್ಲಿ ಹಾಗಾಗುವುದಿಲ್ಲ ಅಂತ ಅಮೆರಿಕದ ಉತ್ತರದ ಕರಾವಳಿಯ ಜನ ನಂಬಿದ್ದರು. 1891ರಲ್ಲಿ ನ್ಯೂಯಾರ್ಕ್‌ನ ಹಡಗು ಉದ್ಯಮಿ ಹರ್ಮನ್ ಓಲ್‌ರಿಕ್ಸ್ 500 ಡಾಲರ್ ಬಹುಮಾನ ಘೋಷಿಸಿದ. ನಾರ್ತ್ ಕ್ಯಾರೊಲೈನಾದ ಕೇಪ್ ಹ್ಯಾಟರಾಸ್‌ನಿಂದ ಉತ್ತರಕ್ಕೆ ಶಾರ್ಕ್ ಯಾರನ್ನಾದರೂ ಕಚ್ಚಿದ್ದಕ್ಕೆ ಪುರಾವೆ ತಂದವರಿಗೆ ಆ ಹಣ. ಅದನ್ನು ಯಾರೂ ಪಡೆಯಲಿಲ್ಲ. ವಿಜ್ಞಾನಿಗಳು ಕೂಡ ಅದನ್ನೇ ಒಂದು ಸಾಕ್ಷಿಯಂತೆ ಹೇಳುತ್ತಿದ್ದರು. ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ನಿರ್ದೇಶಕ ಫ್ರೆಡರಿಕ್ ಲ್ಯೂಕಸ್‌ಗೆ ದೊಡ್ಡ ಶಾರ್ಕ್‌ನ ದವಡೆಗೂ ಮನುಷ್ಯನ ಕಾಲಿನ ಮೂಳೆ ಮುರಿಯುವ ಬಲ ಇಲ್ಲ ಎಂಬ ನಂಬಿಕೆ ಇತ್ತು.

1916ರ ಜುಲೈ ಬಂತು. ವಿಪರೀತ ಸೆಕೆ. ನ್ಯೂಯಾರ್ಕ್ ಸುತ್ತ ಪೋಲಿಯೊ ಹರಡಿತ್ತು. ಊರು ಬಿಟ್ಟು ನ್ಯೂಜೆರ್ಸಿಯ ಕಡಲತೀರಕ್ಕೆ ಸಾವಿರಾರು ಜನ ಬಂದಿದ್ದರು. ಕಡಲಲ್ಲಿ ಈಜುವುದು ಆಗಷ್ಟೇ ಎಲ್ಲರ ಖುಷಿಯಾಗಿ ಬೆಳೆಯುತ್ತಿತ್ತು. ಜುಲೈ 1ರಂದು ಬೀಚ್ ಹೇವನ್‌ನಲ್ಲಿ ಒಬ್ಬ ಯುವಕ ದಡದ ಹತ್ತಿರವೇ ದಾಳಿಗೆ ಸಿಕ್ಕಿ ರಕ್ತ ಹೋಗಿ ಸತ್ತ. ಬೀಚ್‌ಗಳು ತೆರೆದೇ ಇದ್ದವು. ಬಂದರಿಗೆ ಬರುವ ಹಡಗಿನವರು ದೊಡ್ಡ ಶಾರ್ಕ್‌ಗಳನ್ನು ಕಂಡಿದ್ದಾಗಿ ಹೇಳಿದರು. ಆ ಮಾತನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಜುಲೈ 6ರಂದು ಸುಮಾರು 70 ಕಿಲೋಮೀಟರ್ ಉತ್ತರಕ್ಕೆ, ಸ್ಪ್ರಿಂಗ್ ಲೇಕ್‌ನಲ್ಲಿ, ಹೋಟೆಲ್ ಕೆಲಸಗಾರನೊಬ್ಬ ಎರಡೂ ಕಾಲು ಕಳೆದುಕೊಂಡು ಸತ್ತ.

ಜುಲೈ 12ರಂದು ಇನ್ನೂ ವಿಚಿತ್ರವಾದದ್ದು ನಡೆಯಿತು. ಮ್ಯಾಟವಾನ್ ಎಂಬ ಊರಿನ ಪಕ್ಕ ಹರಿಯುವ ಉಪ್ಪುನೀರಿನ ತೊರೆಯಲ್ಲಿ ಹುಡುಗರು ಈಜುತ್ತಿದ್ದರು. ಅಲ್ಲಿಂದ ನೋಡಿದರೆ ಕಡಲು ಕಾಣುವುದಿಲ್ಲ. ಅದೇ ದಿನ ಥಾಮಸ್ ಕಾಟ್ರೆಲ್ ಎಂಬ ನಿವೃತ್ತ ಹಡಗಿನ ಕ್ಯಾಪ್ಟನ್ ಸೇತುವೆ ಮೇಲಿಂದ ನೋಡುವಾಗ ನೀರಿನಲ್ಲಿ ದೊಡ್ಡ ಶಾರ್ಕ್ ಕಂಡಿತು. ಆತ ಓಡಿ ಬಂದು ಊರಿಗೆಲ್ಲ ಹೇಳಿದ. ಜನ ನಂಬಲಿಲ್ಲ. ತೊರೆಯಲ್ಲಿ ಎಲ್ಲಿಯ ಶಾರ್ಕ್? ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗನನ್ನು ಶಾರ್ಕ್ ನೀರೊಳಗೆ ಎಳೆಯಿತು. ಅವನನ್ನು ಹುಡುಕಲು ಇಳಿದ ಊರಿನ ದರ್ಜಿಯನ್ನೂ ಕಚ್ಚಿತು. ಇಬ್ಬರೂ ಉಳಿಯಲಿಲ್ಲ. ಅರ್ಧ ಗಂಟೆಯೊಳಗೆ ತೊರೆಯ ಇನ್ನೊಂದು ಕಡೆ ಮತ್ತೊಬ್ಬ ಹುಡುಗನ ಕಾಲಿಗೆ ಕಚ್ಚಿತು. ಅವನು ಬದುಕಿದ. 12 ದಿನಗಳಲ್ಲಿ ನಾಲ್ಕು ಸಾವು.

ಊರಿನವರು ತೊರೆಗೆ ಡೈನಮೈಟ್ ಹಾಕಿದರು. ಕರಾವಳಿಯುದ್ದಕ್ಕೂ ಶಾರ್ಕ್ ಬೇಟೆ ನಡೆಯಿತು. ಅಧ್ಯಕ್ಷ ವಿಲ್ಸನ್‌ರ ಸಂಪುಟದಲ್ಲೂ ಇದು ಚರ್ಚೆಗೆ ಬಂತು. ಜುಲೈ 14ರಂದು ಹತ್ತಿರದ ಕೊಲ್ಲಿಯಲ್ಲಿ ಒಂದು ಗ್ರೇಟ್ ವೈಟ್ ಸಿಕ್ಕಿಬಿತ್ತು. ಅದರ ಹೊಟ್ಟೆಯಲ್ಲಿ ಮನುಷ್ಯರ ಮಾಂಸ, ಮೂಳೆ ಇತ್ತು ಎಂದು ಆಗ ವರದಿಯಾಯಿತು. ಆಮೇಲೆ ಅಲ್ಲಿ ದಾಳಿಗಳು ನಿಂತವು. ಆದರೂ ತೊರೆಯೊಳಗೆ ಬಂದಿದ್ದು ಬುಲ್ ಶಾರ್ಕ್ ಇರಬೇಕು ಅಂತ ವಾದಿಸುವವರು ಇವತ್ತಿಗೂ ಇದ್ದಾರೆ. ಅವರ ವಾದಕ್ಕೆ ಆಧಾರ ಇದೆ. ಮೈಯೊಳಗಿನ ಉಪ್ಪಿನ ಪ್ರಮಾಣವನ್ನು ಹೊಂದಿಸಿಕೊಂಡು ಸಿಹಿನೀರಿನಲ್ಲೂ ಆರಾಮಾಗಿ ಇರಬಲ್ಲ ಶಾರ್ಕ್ ಅದು. ಅಳಿವೆಗಳಲ್ಲಿ ಮರಿ ಹಾಕುತ್ತದೆ. ಮನುಷ್ಯರಿಗೆ ಅಪಾಯ ತರುವ ಮೂರು ಮುಖ್ಯ ಜಾತಿಗಳಲ್ಲಿ ಗ್ರೇಟ್ ವೈಟ್, ಟೈಗರ್ ಶಾರ್ಕ್ ಜೊತೆಗೆ ಇದೂ ಒಂದು. ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ ಅನ್ನೋದನ್ನು ಇಲ್ಲಿ ನೆನಪಿಡಬೇಕು.

ಮ್ಯಾಟವಾನ್ ಘಟನೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ತರುವುದು ಆ ಕ್ಯಾಪ್ಟನ್‌ನ ಓಟ. ಅವನಿಗೆ ನೀರು ಗೊತ್ತಿತ್ತು, ಶಾರ್ಕ್ ಗೊತ್ತಿತ್ತು. ಸಮಯಕ್ಕೆ ಸರಿಯಾಗಿ ಬಂದು ಹೇಳಿದ. ಕೇಳಿದವರು ತಮ್ಮ ನಂಬಿಕೆಯನ್ನು ಅವನ ಕಣ್ಣಿಗಿಂತ ದೊಡ್ಡದು ಅಂದುಕೊಂಡರು.

ಒಂದೇ ಕೆಟ್ಟ ಶಾರ್ಕ್ ಎಂಬ ಕಥೆ

ಸಿಡ್ನಿಯಲ್ಲಿ 20ನೇ ಶತಮಾನದ ಶುರುವಿನವರೆಗೂ ಹಗಲು ಹೊತ್ತಿನಲ್ಲಿ ತೆರೆದ ಬೀಚ್‌ನಲ್ಲಿ ಸ್ನಾನ ಮಾಡುವುದಕ್ಕೆ ಕಾನೂನಿನ ತಡೆ ಇತ್ತು. 1902ರಲ್ಲಿ ಮ್ಯಾನ್ಲಿಯಲ್ಲಿ ಒಬ್ಬ ಪತ್ರಿಕಾ ಸಂಪಾದಕ ಬಹಿರಂಗವಾಗಿಯೇ ಅದನ್ನು ಮುರಿದ. ಆಮೇಲೆ ನಿಯಮ ಸಡಿಲವಾಯಿತು, ಜನ ಗುಂಪು ಗುಂಪಾಗಿ ಅಲೆಗಳಿಗೆ ಇಳಿದರು. 1920ರ ದಶಕದಲ್ಲಿ ಕೂಜಿ, ಬಾಂಡೈ, ಮರೂಬ್ರಾ ಬೀಚ್‌ಗಳಲ್ಲಿ ಸಾವುಗಳಾದವು. ಶಾರ್ಕ್‌ಗಳು ಏಕಾಏಕಿ ಕೆರಳಿದವು ಅಂತ ಹೇಳುವುದು ಸುಲಭ. ಆದರೆ ಅದಕ್ಕೂ ಮೊದಲು ಆ ನೀರಿನಲ್ಲಿ ಕಚ್ಚಿಸಿಕೊಳ್ಳಲು ಮನುಷ್ಯರೇ ಅಷ್ಟಾಗಿ ಇರಲಿಲ್ಲ.

1922ರ ಫೆಬ್ರವರಿಯಲ್ಲಿ ಕೂಜಿಯಲ್ಲಿ ಒಬ್ಬ ಯುವ ಲೈಫ್‌ಸೇವರ್ ಶಾರ್ಕ್ ಬಾಯಿಗೆ ಸಿಕ್ಕಿದ. ಜಾಕ್ ಚಾಮರ್ಸ್ ಎಂಬುವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿದು ಅವನನ್ನು ದಡಕ್ಕೆ ತಂದರು. ಗಾಯಾಳು ಉಳಿಯಲಿಲ್ಲ. ಚಾಮರ್ಸ್‌ಗೆ ಶೌರ್ಯಕ್ಕಾಗಿ ಆಲ್ಬರ್ಟ್ ಮೆಡಲ್ ಕೊಟ್ಟರು. ಶಾರ್ಕ್ ಇರುವ ನೀರಿಗೇ ಇನ್ನೊಬ್ಬರಿಗಾಗಿ ಇಳಿದವರು ಚರಿತ್ರೆಯುದ್ದಕ್ಕೂ ಇದ್ದಾರೆ. 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೇಕರ್ ಬೀಚ್‌ನಲ್ಲಿ 18 ವರ್ಷದ ವಿದ್ಯಾರ್ಥಿಯೊಬ್ಬನನ್ನು ಶಾರ್ಕ್ ಕಚ್ಚಿದಾಗ, ಅವನ ಜೊತೆ ಈಜುತ್ತಿದ್ದ ಗೆಳತಿ ಓಡಿಹೋಗದೆ ಹಿಂದಕ್ಕೆ ಈಜಿ ಹೋಗಿ ಅವನನ್ನು ದಡದ ಕಡೆ ಎಳೆದು ತಂದಳು. ಅಂಥ ಹೊತ್ತಿನಲ್ಲಿ ಶಾರ್ಕ್ ಸಾಮಾನ್ಯವಾಗಿ ರಕ್ಷಿಸಲು ಬಂದವರ ಮೇಲೆ ತಿರುಗುವುದಿಲ್ಲ ಅಂತ ಈಗಿನ ದಾಖಲೆಗಳು ತೋರಿಸುತ್ತವೆ. ಆ ಹುಡುಗಿಗೆ ಅದು ಗೊತ್ತಿರಲಿಕ್ಕಿಲ್ಲ.

1937ರಲ್ಲಿ ಸಿಡ್ನಿ ಬೀಚ್‌ಗಳಿಗೆ ಬಲೆ ಹಾಕುವ ಕಾರ್ಯಕ್ರಮ ಶುರುವಾಯಿತು. ಅದೇ ಕಾಲದಲ್ಲಿ ವಿಕ್ಟರ್ ಕಾಪಲ್‌ಸನ್ ಎಂಬ ಸಿಡ್ನಿಯ ಸರ್ಜನ್ ದಾಳಿಗಳ ವಿವರ ಸಂಗ್ರಹಿಸಿ ಒಂದು ವಾದ ಮುಂದಿಟ್ಟರು. ಮನುಷ್ಯರ ರುಚಿ ಹತ್ತಿದ ಒಂದು ಶಾರ್ಕ್ ಒಂದೇ ಕರಾವಳಿಯಲ್ಲಿ ಸುತ್ತುತ್ತ ಮತ್ತೆ ಮತ್ತೆ ಕಚ್ಚುತ್ತದೆ, ಅದೊಂದನ್ನು ಕೊಂದರೆ ಮುಗಿಯಿತು. ಈ ವಾದ ಜನರ ಮನಸ್ಸಿನಲ್ಲಿ ಆಳವಾಗಿ ಕೂತಿತು. ಒಬ್ಬ ಅಪರಾಧಿ ಸಿಕ್ಕಿದರೆ ಭಯಕ್ಕೆ ಒಂದು ಕೊನೆ ಸಿಗುತ್ತದೆ, ಅಲ್ವಾ? ಆದರೆ ಶಾರ್ಕ್‌ನ ಮೈಗೆ ಸಿಕ್ಕಿಸಿ ಅದರ ಓಡಾಟ ತಿಳಿಯುವ ಉಪಗ್ರಹ ಟ್ಯಾಗ್‌ಗಳು ಬಂದ ಮೇಲೆ ಈ ಕಥೆ ಸಡಿಲವಾಯಿತು. ನಿಕೋಲ್ ಎಂದು ಹೆಸರಿಟ್ಟ ಗ್ರೇಟ್ ವೈಟ್ ಒಂದು ದಕ್ಷಿಣ ಆಫ್ರಿಕಾದಿಂದ ಆಸ್ಟ್ರೇಲಿಯಾಕ್ಕೆ ಈಜಿ, ಒಂಬತ್ತು ತಿಂಗಳೊಳಗೆ ವಾಪಸ್ ಬಂತು. ಸುಮಾರು 20,000 ಕಿಲೋಮೀಟರ್. ಇಷ್ಟು ಓಡಾಡುವ ಪ್ರಾಣಿ ದಾಳಿಯಾದ ಎರಡು ದಿನದ ಮೇಲೆ ಅದೇ ಬೀಚ್‌ನ ಗಾಳಕ್ಕೆ ಸಿಗುತ್ತದೆ ಅಂತ ನಂಬುವುದು ಕಷ್ಟ. ಸಿಕ್ಕಿದ್ದು ಅದೇ ಶಾರ್ಕ್ ಅಂತ ಹೇಳುವುದು ಇನ್ನೂ ಕಷ್ಟ.

ಯುದ್ಧದಿಂದ ಬಂದ ದಾಖಲೆ

ದಾಳಿಗಳನ್ನು ವ್ಯವಸ್ಥಿತವಾಗಿ ಬರೆದಿಡುವ ಕೆಲಸಕ್ಕೆ ಎರಡನೇ ಮಹಾಯುದ್ಧವೇ ದಾರಿ ಮಾಡಿತು. ಹಡಗು ಮುಳುಗಿ, ವಿಮಾನ ಬಿದ್ದು ನೀರಿನಲ್ಲಿ ತೇಲುವ ಸೈನಿಕರಿಗೆ ಶಾರ್ಕ್ ಭಯ ದೊಡ್ಡದಾಗಿತ್ತು. ಅಮೆರಿಕ ತಾಮ್ರದ ಅಸಿಟೇಟ್ ಮತ್ತು ಕಪ್ಪು ಬಣ್ಣ ಬೆರೆಸಿ ಶಾರ್ಕ್ ಓಡಿಸುವ ಪುಡಿ ಮಾಡಿತು. ಅದರ ನಿಜವಾದ ಉಪಯೋಗ ಸೈನಿಕರ ಧೈರ್ಯಕ್ಕೆ ಆಯಿತೇ ಹೊರತು ಶಾರ್ಕ್ ತಡೆಯುವುದಕ್ಕೆ ಅಷ್ಟಾಗಿ ಅಲ್ಲ. 1945ರ ಜುಲೈ 30ರಂದು ಇಂಡಿಯಾನಾಪೊಲಿಸ್ ಯುದ್ಧನೌಕೆ ಮುಳುಗಿದಾಗ ಸುಮಾರು 900 ಜನ ನೀರಿಗೆ ಬಿದ್ದರು. ನಾಲ್ಕು ದಿನ ಯಾರೂ ಬರಲಿಲ್ಲ. ಕೊನೆಗೆ ಉಳಿದವರು 316. ಶಾರ್ಕ್‌ಗಳು ಅನೇಕರನ್ನು ಕೊಂದಿದ್ದು ನಿಜ. ಆದರೆ ಹೆಚ್ಚಿನವರು ಬಾಯಾರಿಕೆ, ಬಿಸಿಲು, ಗಾಯ, ಉಪ್ಪುನೀರು ಕುಡಿದ ವಿಷದಿಂದ ಸತ್ತರು. ಈ ಎರಡನೆಯ ಮಾತು ಜನರ ನೆನಪಿನಿಂದ ಜಾರಿಹೋಗಿದೆ.

1958ರಲ್ಲಿ ಅಮೆರಿಕದ ನೌಕಾಪಡೆಯ ಬೆಂಬಲದಿಂದ ವಿಜ್ಞಾನಿಗಳ ಒಂದು ಮಂಡಳಿ ರಚನೆಯಾಯಿತು. ಹಳೆಯ ಹೊಸ ದಾಳಿಗಳ ವಿವರಗಳನ್ನು ಅದು ಕೂಡಿಹಾಕಿತು. ನಾನು ಮೊದಲು ಹೇಳಿದ ಫೈಲ್ ಹುಟ್ಟಿದ್ದು ಅಲ್ಲಿಂದ. ಈಗ ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ಘಟನೆಗಳಿವೆ.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ನೇಟಾಲ್ ಕರಾವಳಿ ನಡುಗುತ್ತಿತ್ತು. 1957ರ ಡಿಸೆಂಬರ್‌ನಿಂದ 1958ರ ಏಪ್ರಿಲ್ ಒಳಗೆ ಡರ್ಬನ್‌ನ ದಕ್ಷಿಣದ ಬೀಚ್‌ಗಳಲ್ಲಿ ಸಾಲು ಸಾಲಾಗಿ ದಾಳಿಗಳಾದವು. ರಜೆಗೆ ಬಂದವರು ಊರು ಬಿಟ್ಟು ಹೊರಟರು. ಆ ಬೀಚ್‌ಗಳು ಆಗ ಪ್ರವಾಸಿಗಳಿಗಾಗಿ ಹೊಸದಾಗಿ ಬೆಳೆಯುತ್ತಿದ್ದವು. ಮಳೆಗಾಲದ ಹೊಳೆಗಳು ಕೆಸರು ನೀರನ್ನು ಕಡಲಿಗೆ ತರುತ್ತಿದ್ದವು. ಡರ್ಬನ್‌ನಲ್ಲಿ ತಿಮಿಂಗಿಲ ಬೇಟೆಯ ಕೇಂದ್ರ ನಡೆಯುತ್ತಿತ್ತು. ಸರ್ಕಾರ ಕಂಡುಕೊಂಡ ಪರಿಹಾರ ನೌಕಾಪಡೆ. ಜಲಾಂತರ್ಗಾಮಿಗಳ ಮೇಲೆ ಹಾಕುವ ಬಾಂಬ್‌ಗಳನ್ನು ಕಡಲಿಗೆ ಎಸೆದರು. ಕೆಲವೇ ಶಾರ್ಕ್‌ಗಳು ಸತ್ತವು. ಸ್ಫೋಟದಿಂದ ಸತ್ತ ಮೀನು ತಿನ್ನಲು ಇನ್ನಷ್ಟು ಶಾರ್ಕ್‌ಗಳು ಬಂದವು.

ಆಮೇಲೆ 1964ರಲ್ಲಿ ಶಾರ್ಕ್ ವಿಷಯಕ್ಕೇ ಒಂದು ಮಂಡಳಿ ಬಂತು, ಬಲೆಗಳು ಹರಡಿದವು. ಬಲೆಗಳ ಪರವಾಗಿ ಒಂದು ಗಟ್ಟಿ ಮಾತು ಇದೆ, ಅದನ್ನು ಮುಚ್ಚಿಡಬಾರದು. ಡರ್ಬನ್ ನಗರದ ಬೀಚ್‌ಗಳಲ್ಲಿ 1943ರಿಂದ 1951ರ ನಡುವೆ ಏಳು ಜನ ಸತ್ತಿದ್ದರು. 1952ರಲ್ಲಿ ಬಲೆ ಹಾಕಿದ ಮೇಲೆ ಅಲ್ಲಿ ಸಾವುಗಳು ನಿಂತವು. ಇದಕ್ಕೆ ಕೊಟ್ಟ ಬೆಲೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ನೀರನ್ನು ಬದಲಿಸಿದ್ದು ಯಾರು?

ಇತ್ತೀಚಿನ ಮೂವತ್ತು ವರ್ಷಗಳ ಘಟನೆಗಳು ಇನ್ನೂ ಸ್ಪಷ್ಟವಾಗಿ ಮಾತಾಡುತ್ತವೆ.

ಬ್ರೆಜಿಲ್‌ನ ರೆಸಿಫಿ ನಗರದ ಬೀಚ್‌ಗಳಲ್ಲಿ 1992ರಿಂದ ದಾಳಿಗಳು ಏಕಾಏಕಿ ಏರಿದವು. ಅದಕ್ಕೂ ಮೊದಲು ಅಲ್ಲಿ ಇದು ದೊಡ್ಡ ಸಮಸ್ಯೆ ಆಗಿರಲಿಲ್ಲ. ನಗರದ ದಕ್ಷಿಣಕ್ಕೆ ಸುಆಪೆ ಬಂದರು ಕಟ್ಟುವಾಗ ಅಳಿವೆಗಳನ್ನು, ಕಾಂಡ್ಲಾ ಕಾಡುಗಳನ್ನು ಕೆಡಿಸಿದ್ದರು. ಬುಲ್ ಶಾರ್ಕ್‌ಗಳು ಮರಿ ಹಾಕುತ್ತಿದ್ದ ಜಾಗಗಳವು. ಅವು ಉತ್ತರಕ್ಕೆ, ಜನ ತುಂಬಿದ ಬೀಚ್‌ಗಳ ಕಡೆ ಸರಿದವು ಎಂಬುದು ಸಂಶೋಧಕರ ವಿವರಣೆ. ಬೀಚ್‌ನುದ್ದಕ್ಕೂ ಎಚ್ಚರಿಕೆಯ ಫಲಕಗಳಿವೆ.

ಈಜಿಪ್ಟ್‌ನ ಶರ್ಮ್ ಅಲ್ ಶೇಖ್ ಪ್ರಕರಣ ಇನ್ನೂ ಕಹಿ. 2010ರಲ್ಲಿ ನವೆಂಬರ್ ಮುಗಿದು ಡಿಸೆಂಬರ್ ಶುರುವಾಗುವಾಗ ಎರಡು ದಿನದೊಳಗೆ ನಾಲ್ವರು ಗಾಯಗೊಂಡರು. ಬೀಚ್ ಮುಚ್ಚಿದರು. ಎರಡು ಶಾರ್ಕ್‌ಗಳನ್ನು ಕೊಂದು, ಅಪಾಯ ಮುಗಿಯಿತು ಅಂತ ಮತ್ತೆ ತೆರೆದರು. ತೆರೆದ ಮರುದಿನವೇ, ಡಿಸೆಂಬರ್ 5ರಂದು, ಒಬ್ಬ ಜರ್ಮನ್ ಮಹಿಳೆ ದಡದ ಹತ್ತಿರವೇ ಸತ್ತರು. ಕೊಂದ ಶಾರ್ಕ್‌ಗಳು ದಾಳಿ ಮಾಡಿದವಲ್ಲ ಅಂತ ಡೈವಿಂಗ್ ಮಾಡುವವರು ಮೊದಲೇ ಹೇಳಿದ್ದರು. ಗಾಯಾಳುಗಳಲ್ಲಿ ಒಬ್ಬರನ್ನು ಕಚ್ಚಿದ್ದ ಶಾರ್ಕ್‌ನ ಫೋಟೋ ಅವರ ಬಳಿ ಇತ್ತು. ತನಿಖೆಗೆ ಬಂದ ತಜ್ಞರು ಹೇಳಿದ ಕಾರಣಗಳು ಹಲವು. ಹಡಗಿನಿಂದ ಸತ್ತ ಕುರಿಗಳನ್ನು ಕಡಲಿಗೆ ಎಸೆದಿದ್ದು, ಮೀನು ಬರಿದು ಮಾಡಿದ್ದು, ಪ್ರವಾಸಿಗಳು ನೀರಿನಲ್ಲಿ ಮೀನುಗಳಿಗೆ ಆಹಾರ ಹಾಕುವ ಅಭ್ಯಾಸ.

ಇಸ್ರೇಲ್‌ನ ಹದೇರಾದಲ್ಲಿ ವಿದ್ಯುತ್ ಸ್ಥಾವರದ ಬಿಸಿನೀರು ಕಡಲಿಗೆ ಬೀಳುತ್ತದೆ. ಚಳಿಗಾಲದಲ್ಲಿ ಡಸ್ಕಿ, ಸ್ಯಾಂಡ್‌ಬಾರ್ ಎಂಬ ಜಾತಿಯ ಶಾರ್ಕ್‌ಗಳು ಅಲ್ಲಿ ಗುಂಪುಗೂಡುತ್ತವೆ. ಸಾಮಾನ್ಯವಾಗಿ ಇವು ಮನುಷ್ಯರ ತಂಟೆಗೆ ಬರುವವಲ್ಲ. ವರ್ಷಗಳು ಕಳೆದಂತೆ ಅವುಗಳನ್ನು ನೋಡಲು ಜನ ಬಂದರು, ನೀರಿಗೆ ಇಳಿದರು, ಕೆಲವರು ತಿನ್ನಲು ಹಾಕಿದರು. ಇದು ಸರಿಯಲ್ಲ ಅಂತ ಸಂಶೋಧಕರು, ಪರಿಸರದವರು ಎಚ್ಚರಿಸಿದ್ದರು. 2025ರ ಏಪ್ರಿಲ್‌ನಲ್ಲಿ ಒಬ್ಬರು ಅಲ್ಲಿ ಪ್ರಾಣ ಕಳೆದುಕೊಂಡರು.

ಅಮೆರಿಕದ ಈಶಾನ್ಯ ಕರಾವಳಿಯ ಕಥೆ ಬೇರೆ ಥರದ್ದು. ಅಲ್ಲಿ ಬದಲಾವಣೆ ಒಳ್ಳೆಯದೇ. ಮ್ಯಾಸಚೂಸೆಟ್ಸ್ ರಾಜ್ಯ ಒಂದು ಕಾಲದಲ್ಲಿ ಸೀಲ್‌ಗಳನ್ನು ಕೊಂದವರಿಗೆ ಹಣ ಕೊಡುತ್ತಿತ್ತು. 1972ರಲ್ಲಿ ಕಡಲ ಸಸ್ತನಿಗಳ ರಕ್ಷಣೆಗೆ ದೇಶದ ಕಾನೂನು ಬಂತು. ಸೀಲ್‌ಗಳು ಮರಳಿದವು. ಅವುಗಳನ್ನು ತಿನ್ನುವ ಗ್ರೇಟ್ ವೈಟ್‌ಗಳೂ ಆ ರಾಜ್ಯದ ಕೇಪ್ ಕಾಡ್ ಕರಾವಳಿಗೆ ಮರಳಿದವು. ಆ ರಾಜ್ಯದಲ್ಲಿ 1936ರ ನಂತರ ಸಾವು ಆಗಿರಲಿಲ್ಲ. 2018ರಲ್ಲಿ ಆಯಿತು. 2020ರ ಜುಲೈನಲ್ಲಿ ಪಕ್ಕದ ಮೇನ್ ರಾಜ್ಯದಲ್ಲಿ ವೆಟ್‌ಸೂಟ್ (ಮೈಗೆ ಅಂಟುವ ರಬ್ಬರ್ ಉಡುಪು) ಹಾಕಿ ದಡದ ಹತ್ತಿರ ಈಜುತ್ತಿದ್ದ ಮಹಿಳೆ ಸತ್ತರು. ಆ ರಾಜ್ಯದ ದಾಖಲೆಯಲ್ಲಿ ಅದೇ ಮೊದಲ ಸಾವು. ಇಲ್ಲಿ ಯಾರನ್ನೂ ದೂರುವಂತಿಲ್ಲ. ಆದರೆ ಅಜ್ಜ ಈಜಿದ ನೀರೇ ಇದು ಅಂದುಕೊಂಡು ಮೊಮ್ಮಗ ಇಳಿಯುವಂತೆಯೂ ಇಲ್ಲ. ಸೀಲ್‌ಗಳು ಎಲ್ಲಿವೆ ಅಂತ ನೋಡಿಯೇ ಇಳಿಯಬೇಕು.

ಕೇಪ್ ಟೌನ್‌ನಲ್ಲಿ ಇದು ಉಲ್ಟಾ ಆಯಿತು. ಅಲ್ಲಿನ ಫಾಲ್ಸ್ ಬೇ ಗ್ರೇಟ್ ವೈಟ್‌ಗಳಿಗೆ ಜಗತ್ತಿನಲ್ಲೇ ಹೆಸರಾಗಿತ್ತು. 2004ರಲ್ಲಿ ಫಿಶ್ ಹೂಕ್‌ನಲ್ಲಿ ದಿನವೂ ಬೆಳಿಗ್ಗೆ ಈಜುತ್ತಿದ್ದ 77 ವರ್ಷದ ಮಹಿಳೆ ಶಾರ್ಕ್‌ಗೆ ಬಲಿಯಾದರು. 2010ರಲ್ಲಿ ಅದೇ ಬೀಚ್‌ನಲ್ಲಿ ಒಬ್ಬ ಪ್ರವಾಸಿ. ಕೆಲವೇ ವರ್ಷಗಳಲ್ಲಿ ಪೋರ್ಟ್, ಸ್ಟಾರ್‌ಬೋರ್ಡ್ ಎಂಬ ಎರಡು ಓರ್ಕಾಗಳು (ಕಿಲ್ಲರ್ ವೇಲ್) ಆ ಕರಾವಳಿಯಲ್ಲಿ ಶಾರ್ಕ್‌ಗಳನ್ನು ಕೊಂದು ಪಿತ್ತಜನಕಾಂಗ ತಿನ್ನಲು ಶುರುಮಾಡಿದವು. ಫಾಲ್ಸ್ ಬೇಯಲ್ಲಿ ಗ್ರೇಟ್ ವೈಟ್‌ಗಳು ಕಾಣುವುದೇ ಅಪರೂಪವಾಯಿತು. ಹತ್ತು ವರ್ಷದ ಹಿಂದಿನ ಎಚ್ಚರಿಕೆ ಕೂಡ ಹಳೆಯದಾಗಬಹುದು.

ದೂರ ಈಜುವವರ ಅನುಭವ

ಬೀಚ್‌ನಲ್ಲಿ ಆಡುವವರಿಗಿಂತ ದೂರ ಈಜುವವರ ಸ್ಥಿತಿ ಬೇರೆ. ಅವರು ಆಳದ ನೀರಿನಲ್ಲಿ, ಜಾಸ್ತಿ ಹೊತ್ತು, ಒಂದೇ ಲಯದಲ್ಲಿ ಕೈಕಾಲು ಬಡಿಯುತ್ತ ಇರುತ್ತಾರೆ. ಮುಖ ನೀರಿನೊಳಗೆ. ಕ್ಯಾಲಿಫೋರ್ನಿಯಾದಲ್ಲಿ 2003ರಲ್ಲಿ ಆವಿಲಾ ಬೀಚ್‌ನಲ್ಲಿ ಸತ್ತ ಮಹಿಳೆ ವೆಟ್‌ಸೂಟ್, ಕಾಲಿಗೆ ಈಜುವ ಫಿನ್ ಹಾಕಿಕೊಂಡು ಕಡಲಸಿಂಹಗಳ ಹತ್ತಿರ ಈಜುತ್ತಿದ್ದರು. 2008ರಲ್ಲಿ ಸೊಲಾನಾ ಬೀಚ್‌ನಲ್ಲಿ ಟ್ರಯಥ್ಲಾನ್ ಗುಂಪಿನ ಒಂಬತ್ತು ಜನ ದಡದಿಂದ ಸುಮಾರು 140 ಮೀಟರ್ ದೂರದಲ್ಲಿ ಒಟ್ಟಿಗೆ ಈಜುತ್ತಿದ್ದರು. ಅವರಲ್ಲಿ ಒಬ್ಬರನ್ನು ಶಾರ್ಕ್ ಕಚ್ಚಿತು. ಗೆಳೆಯರು ದಡಕ್ಕೆ ತಂದರೂ ಉಳಿಯಲಿಲ್ಲ. ಗುಂಪಿನಲ್ಲಿ ಇರುವುದು ಒಳ್ಳೆಯದು, ಆದರೆ ಅದು ಖಾತ್ರಿ ಅಲ್ಲ. ಗುಂಪಿನ ದೊಡ್ಡ ಉಪಯೋಗ ಕಚ್ಚಿದ ನಂತರ ಎಳೆದು ತರುವವರು ಇರುತ್ತಾರೆ ಅನ್ನೋದು.

ಹವಾಯಿಯಲ್ಲಿ ಇನ್ನೊಂದು ಥರದ ಅಪಾಯ ಕಂಡಿತು. 2009ರಲ್ಲಿ ಅಲೆನುಯಿಹಾಹಾ ಜಲಸಂಧಿಯನ್ನು ಕತ್ತಲಲ್ಲಿ ದಾಟುತ್ತಿದ್ದ ಈಜುಗಾರನ ಮೀನಖಂಡದಿಂದ ಕುಕೀಕಟರ್ ಎಂಬ ಸಣ್ಣ ಶಾರ್ಕ್ ದುಂಡಗೆ ಒಂದು ತುಂಡು ತೆಗೆದುಕೊಂಡು ಹೋಯಿತು. ಇದು ಅರ್ಧ ಮೀಟರ್ ಉದ್ದದ ಮೀನು. ಹಗಲು ಆಳದಲ್ಲಿದ್ದು ರಾತ್ರಿ ಮೇಲೆ ಬರುತ್ತದೆ. ತಿಮಿಂಗಿಲ, ಟ್ಯೂನಾಗಳ ಮೈಯಿಂದ ಹೀಗೇ ತುಂಡು ಕೀಳುತ್ತದೆ. ಬದುಕಿರುವ ಮನುಷ್ಯನ ಮೇಲೆ ಇದು ದಾಖಲಾಗಿದ್ದು ಅದೇ ಮೊದಲು. ಆಮೇಲೆ ಅಲ್ಲಿನ ಬೇರೆ ಜಲಸಂಧಿಗಳಲ್ಲೂ ರಾತ್ರಿ ಈಜುವವರಿಗೆ ಹೀಗಾಗಿದೆ. ಜೊತೆಯ ದೋಣಿಯ ದೀಪಕ್ಕೆ ಕಡಲ ಜೀವಿಗಳು ಸೇರುತ್ತವೆ ಅಂತ ಈಗ ಅನೇಕರು ದೀಪ ಕಡಿಮೆ ಮಾಡಿ ಈಜುತ್ತಾರೆ.

ಕ್ಯೂಬಾದಿಂದ ಫ್ಲಾರಿಡಾಕ್ಕೆ 1997ರಲ್ಲಿ ಸೂಸಿ ಮರೋನಿ ಶಾರ್ಕ್ ಪಂಜರದೊಳಗೆ ಈಜಿದರು. 2013ರಲ್ಲಿ 64 ವರ್ಷದ ಡಯಾನಾ ನಯಾಡ್ ಪಂಜರ ಇಲ್ಲದೆ ಈಜಿದರು. ವಿದ್ಯುತ್ ತರಂಗ ಬಿಡುವ ಸಾಧನ, ಸುತ್ತ ಶಾರ್ಕ್ ನೋಡಿಕೊಳ್ಳುವ ಡೈವರ್‌ಗಳು ಜೊತೆಗಿದ್ದರು. ಅದಕ್ಕೂ ಮೊದಲಿನ ಪ್ರಯತ್ನಗಳಲ್ಲಿ ಅವರಿಗೆ ಜಾಸ್ತಿ ತೊಂದರೆ ಕೊಟ್ಟಿದ್ದು ಶಾರ್ಕ್ ಅಲ್ಲ, ಬಾಕ್ಸ್ ಜೆಲ್ಲಿ ಮೀನುಗಳು.

ಹಾಗಾದರೆ ಶಾರ್ಕ್ ಯಾಕೆ ಕಚ್ಚುತ್ತದೆ? ಕೆಳಗಿನಿಂದ ನೋಡಿದಾಗ ಮನುಷ್ಯ ಸೀಲ್‌ನಂತೆ ಕಾಣುತ್ತಾನೆ, ಅದು ಗುರುತು ತಪ್ಪಿ ಕಚ್ಚುತ್ತದೆ ಎಂಬ ವಿವರಣೆ ಬಹಳ ಪ್ರಚಲಿತ. 2021ರಲ್ಲಿ ಸಿಡ್ನಿಯ ಮ್ಯಾಕ್ವಾರಿ ಯೂನಿವರ್ಸಿಟಿಯ ಸಂಶೋಧಕರು ಎಳೆಯ ಗ್ರೇಟ್ ವೈಟ್‌ನ ಕಣ್ಣಿಗೆ ಕಾಣುವ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ರೂಪಿಸಿದರು. ಈಜುವ ಮನುಷ್ಯ ಮತ್ತು ಸೀಲ್ ನಡುವೆ ವ್ಯತ್ಯಾಸ ಅದಕ್ಕೆ ಸ್ಪಷ್ಟವಾಗಿ ತಿಳಿಯುವುದಿಲ್ಲ ಅಂತ ಕಂಡಿತು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪುವುದಿಲ್ಲ. ಗೊತ್ತಿಲ್ಲದ ವಸ್ತುವನ್ನು ಬಾಯಿಂದ ಪರೀಕ್ಷಿಸುವುದು ಶಾರ್ಕ್‌ನ ಸಹಜ ನಡವಳಿಕೆ ಎನ್ನುವವರಿದ್ದಾರೆ. ಕೆಸರು ನೀರಿನ ಬುಲ್ ಶಾರ್ಕ್‌ಗೆ ಕಣ್ಣಿನ ಕಥೆ ಹೊಂದುವುದೂ ಇಲ್ಲ. ಒಂದೇ ಕಾರಣಕ್ಕೆ ಎಲ್ಲವನ್ನೂ ಕಟ್ಟಿಹಾಕಬಾರದು ಅಂತ ನನಗನಿಸುತ್ತದೆ. ಹೆಚ್ಚಿನ ಸಲ ಅದು ಒಮ್ಮೆ ಕಚ್ಚಿ ಬಿಟ್ಟು ಹೋಗುತ್ತದೆ ಎಂಬುದು ಮಾತ್ರ ದಾಖಲೆಗಳಿಂದ ಗಟ್ಟಿ.

ಬಲೆಯೋ, ಕಣ್ಣೋ?

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ 51 ಬೀಚ್‌ಗಳಿಗೆ ಹಾಕುವ ಬಲೆ 150 ಮೀಟರ್ ಉದ್ದ, 6 ಮೀಟರ್ ಎತ್ತರ. ಬೀಚ್‌ನ ಎರಡೂ ಬದಿ ತೆರೆದಿರುತ್ತದೆ. ಮೇಲಿನಿಂದ, ಪಕ್ಕದಿಂದ ಶಾರ್ಕ್ ಸುಲಭವಾಗಿ ಒಳಗೆ ಬರಬಹುದು. ಸಿಕ್ಕಿಬಿದ್ದ ಶಾರ್ಕ್‌ಗಳಲ್ಲಿ ಸುಮಾರು 40 ಪರ್ಸೆಂಟ್ ದಡದ ಕಡೆಯಿಂದ ವಾಪಸ್ ಹೋಗುವಾಗ ಸಿಕ್ಕಿವೆ. ಬಲೆ ಅಂದರೆ ಗೋಡೆ ಅಂತ ಈಜುವವರು ಅಂದುಕೊಳ್ಳುತ್ತಾರೆ. ಅದು ಶಾರ್ಕ್‌ಗಳನ್ನು ಹಿಡಿದು ಸಂಖ್ಯೆ ಕಡಿಮೆ ಮಾಡುವ ಸಾಧನ, ಅಷ್ಟೇ. ಅದರಲ್ಲಿ ಸಾಯುವ ಪ್ರಾಣಿಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ಏನೂ ಮಾಡದ ಶಾರ್ಕ್, ರೇ ಮೀನು, ಆಮೆ, ಡಾಲ್ಫಿನ್‌ಗಳು. ಡರ್ಬನ್‌ನ ಬಲೆಗಳೂ ಕೆಲಸ ಮಾಡುವುದು ಹೀಗೇ. ಇದೇ ನಾನು ಹೇಳಿದ ಬೆಲೆ.

ಈ ಬೆಲೆಯನ್ನು ಇಡೀ ಕಡಲಿನ ಲೆಕ್ಕದ ಪಕ್ಕ ಇಟ್ಟು ನೋಡಬೇಕು. 1970ರಿಂದ ಈಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ರೇಗಳ ಸಂಖ್ಯೆ 71 ಪರ್ಸೆಂಟ್ ಕುಸಿದಿದೆ ಅಂತ 2021ರ ಅಧ್ಯಯನ ತೋರಿಸಿತು. ಮೀನುಗಾರಿಕೆಯಲ್ಲಿ ವರ್ಷಕ್ಕೆ ಸಾಯುವ ಶಾರ್ಕ್‌ಗಳು ಎಂಟು ಕೋಟಿಯಷ್ಟು. ಈ ಅಂಕಿ ಓದಿದಾಗ ಎದೆ ಭಾರವಾಗುತ್ತದೆ. ಹಾಗಂತ ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಈ ಅಂಕಿ ಇಟ್ಟು ಸಮಾಧಾನ ಹೇಳುವುದು ಸರಿಯಲ್ಲ. ಎರಡೂ ನೋವುಗಳನ್ನು ಒಟ್ಟಿಗೆ ಹಿಡಿದುಕೊಂಡು ಯೋಚಿಸಬೇಕು.

ಕೊಲ್ಲದೆ ಕಾಯುವ ದಾರಿಗಳು ಈಗ ಪರೀಕ್ಷೆಯಾಗಿವೆ. ಕೇಪ್ ಟೌನ್‌ನಲ್ಲಿ 2004ರಿಂದ ಶಾರ್ಕ್ ಸ್ಪಾಟರ್ಸ್ ಎಂಬ ವ್ಯವಸ್ಥೆ ಇದೆ. ಬೀಚ್ ಪಕ್ಕದ ಗುಡ್ಡದ ಮೇಲೆ ಬೈನಾಕ್ಯುಲರ್ ಹಿಡಿದು ಜನ ಕೂರುತ್ತಾರೆ. ಹಸಿರು ಬಾವುಟ ಹಾರಿದರೆ ನೀರು ತಿಳಿಯಾಗಿದೆ, ಶಾರ್ಕ್ ಕಂಡಿಲ್ಲ. ಕಪ್ಪು ಬಾವುಟ ಅಂದರೆ ನೀರೊಳಗೆ ಕಾಣುತ್ತಿಲ್ಲ. ಕೆಂಪು ಅಂದರೆ ಈಚೆಗೆ ಕಂಡಿತ್ತು, ಎಚ್ಚರ. ಬಿಳಿ ಬಾವುಟ ಏರಿ ಸೈರನ್ ಕೂಗಿದರೆ ತಕ್ಷಣ ಹೊರಗೆ ಬರಬೇಕು. ಕಪ್ಪು ಬಾವುಟ ನನಗೆ ಬಹಳ ಇಷ್ಟವಾಯಿತು. ಕಾಣುತ್ತಿಲ್ಲ ಅಂತ ಪ್ರಾಮಾಣಿಕವಾಗಿ ಹೇಳುವುದೂ ಒಂದು ಎಚ್ಚರಿಕೆಯೇ. ಫಿಶ್ ಹೂಕ್‌ನಲ್ಲಿ ಸಣ್ಣ ಕಣ್ಣಿನ ತಡೆಬಲೆಯೂ ಇದೆ. ಬೆಳಿಗ್ಗೆ ಹಾಕಿ ಸಂಜೆ ತೆಗೆಯುತ್ತಾರೆ, ಅದರಲ್ಲಿ ಪ್ರಾಣಿಗಳು ಸಿಕ್ಕಿಕೊಳ್ಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಡ್ರೋನ್‌ಗಳು ಬೀಚ್ ಮೇಲೆ ಹಾರುತ್ತವೆ. ಸ್ಮಾರ್ಟ್ ಡ್ರಮ್‌ಲೈನ್ ಎಂಬ ಗಾಳಕ್ಕೆ ಶಾರ್ಕ್ ಸಿಕ್ಕಿದ ಕೂಡಲೇ ಸಂದೇಶ ಹೋಗುತ್ತದೆ. ಸಿಬ್ಬಂದಿ ಬಂದು ಟ್ಯಾಗ್ ಹಾಕಿ ದೂರ ಬಿಡುತ್ತಾರೆ. ಆ ಶಾರ್ಕ್ ಮತ್ತೆ ದಡದ ಹತ್ತಿರದ ರಿಸೀವರ್ ಬಳಿ ಬಂದರೆ ಜನರ ಫೋನಿಗೆ ಸುದ್ದಿ ಬರುತ್ತದೆ.

ಇವೆಲ್ಲಕ್ಕೂ ಮಿತಿ ಇದೆ. ಡ್ರೋನ್ ಕೆಸರು ನೀರಿನಲ್ಲಿ ನೋಡಲಾರದು, ಟ್ಯಾಗ್ ಇಲ್ಲದ ಶಾರ್ಕ್ ಫೋನಿಗೆ ಬರುವುದಿಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2011ರ ನಂತರ ಸಾಲು ಸಾವುಗಳಾದಾಗ, 2013ರ ಜುಲೈನಲ್ಲಿ ಹವಳದಿಬ್ಬದ ಒಳಗಿನ ಶಾಂತ ನೀರು ಮತ್ತು ಕಾವಲಿರುವ ಜಾಗಗಳನ್ನು ಬಿಟ್ಟು ಬೇರೆ ಕಡೆ ಈಜು, ಸರ್ಫಿಂಗ್ ನಿಷೇಧಿಸಬೇಕಾಯಿತು. ಕೆಲವು ನೀರಿನಲ್ಲಿ ಕೆಲವು ಕಾಲ ಇಳಿಯದೇ ಇರುವುದೇ ಉತ್ತರ. ಹೊಳೆ ಕೆಂಪಾಗಿ ಬಂದ ದಿನ, ಮೀನಿನ ಹಿಂಡು ದಡಕ್ಕೆ ಬಂದು ಹಕ್ಕಿಗಳು ಎರಗುವ ಹೊತ್ತು, ಸತ್ತ ತಿಮಿಂಗಿಲ ತೇಲಿ ಬಂದ ವಾರ, ಮುಂಜಾನೆ ಮುಸ್ಸಂಜೆಯ ಮಬ್ಬು. ಅಲ್ಲಿನ ಮೀನುಗಾರರಿಗೆ, ಲೈಫ್‌ಗಾರ್ಡ್‌ಗಳಿಗೆ ಇದು ಗೊತ್ತಿರುತ್ತದೆ. ನೀರಿಗೆ ಇಳಿಯುವ ಮೊದಲು ಅವರನ್ನು ಕೇಳಲು ಒಂದೆರಡು ನಿಮಿಷ ಸಾಕು.

ಇನ್ನೊಂದು ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಶಾರ್ಕ್ ಕಚ್ಚಿದವರು ಸಾಯುವುದು ಹೆಚ್ಚಾಗಿ ರಕ್ತ ಹೋಗಿ, ಅದೂ ಕೆಲವೇ ನಿಮಿಷಗಳಲ್ಲಿ. 1916ರಲ್ಲಿ ದಡಕ್ಕೆ ತಂದರೂ ಕೆಲವರು ಉಳಿಯದೇ ಇದ್ದಿದ್ದು ಅದಕ್ಕೇ. ಇವತ್ತು ಹೆಚ್ಚಿನವರು ಬದುಕುತ್ತಾರೆ. ರಕ್ತ ಕೊಡುವ, ಶಸ್ತ್ರಚಿಕಿತ್ಸೆ ಮಾಡುವ ವ್ಯವಸ್ಥೆ ಸುಧಾರಿಸಿದೆ. ದಡದಲ್ಲಿ ಇರುವವರಿಗೂ ಏನು ಮಾಡಬೇಕು ಅಂತ ಗೊತ್ತಾಗುತ್ತಿದೆ. ರಕ್ತ ಕಟ್ಟುವ ಪಟ್ಟಿ, ಅಂದರೆ ಟೂರ್ನಿಕೆಟ್, ಈಗ ಹಲವು ಬೀಚ್‌ಗಳಲ್ಲಿ ಪೆಟ್ಟಿಗೆಯಲ್ಲಿ ಸಿಗುತ್ತದೆ. ಅದು ಇಲ್ಲದಾಗ ಏನು ಮಾಡುವುದು ಅಂತ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ವೈದ್ಯರೊಬ್ಬರು 2021ರಲ್ಲಿ ಪರೀಕ್ಷಿಸಿ ತೋರಿಸಿದರು. ಕಾಲಿಗೆ ಕಚ್ಚಿದ್ದರೆ ಗಾಯಾಳುವನ್ನು ಅಂಗಾತ ಮಲಗಿಸಿ. ಕಚ್ಚಿದ ಕಡೆಯ ಸೊಂಟದ ಮೂಳೆ ಮತ್ತು ಗುಪ್ತಾಂಗದ ನಡುವೆ, ತೊಡೆಸಂದಿಯ ಸರಿ ಮಧ್ಯದಲ್ಲಿ, ಮುಷ್ಟಿ ಇಟ್ಟು ತೋಳು ನೇರ ಮಾಡಿ ಮೈಭಾರ ಪೂರ್ತಿ ಹಾಕಿ ಒತ್ತಿ. ಕಾಲಿಗೆ ಹೋಗುವ ದೊಡ್ಡ ರಕ್ತನಾಳ ಅಲ್ಲೇ ಮೂಳೆಯ ಮೇಲೆ ಹಾದುಹೋಗುತ್ತದೆ. ಸರ್ಫ್‌ಬೋರ್ಡ್‌ನ ಹಗ್ಗ ಬಿಗಿದಾಗ ನಿಲ್ಲುವುದಕ್ಕಿಂತ ಜಾಸ್ತಿ ರಕ್ತ ಇದರಿಂದ ನಿಲ್ಲುತ್ತದೆ. ವೆಟ್‌ಸೂಟ್ ಇದ್ದರೂ ಬಿಚ್ಚಬೇಕಾಗಿಲ್ಲ, ಮೇಲಿನಿಂದಲೇ ಒತ್ತಬಹುದು. ಆಂಬುಲೆನ್ಸ್ ಬರುವವರೆಗೂ ಒತ್ತಿದ ಕೈ ತೆಗೆಯಬಾರದು.